ಜ್ಯೇಷ್ಠ ಎಂಬ ನಾಲ್ಕು ಪುಸ್ತಕಗಳು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಾನು ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಶ್ರೀನಿವಾಸಪುರದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮೇಡಂ, ತೀರಿಕೊಂಡ ಮಾವನವರು ಕನಸಿನಲ್ಲಿ ಬಂದು ಬೀರುವಿನ ಬೀಗದ ಕೈ ಎಲ್ಲಿದೆ ಎಂದು ತಿಳಿಸಿ ಹೋದರೆಂದು ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. "ಆ ಜಾಗ ನಿಮಗೆ ಮೊದಲೇ ಗೊತ್ತಿತ್ತು ಮೇಡಂ, ಮರೆತುಬಿಟ್ಟಿದ್ರಿ ಅಷ್ಟೆ" ಎಂದುಬಿಟ್ಟೆ. ಅವರು ಒಂದು ವಾರ ನನ್ನನ್ನು ಮಾತಾಡಿಸಲಿಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ. ಇದನ್ನು ಓದಿದವರು ಯಾರಾದರೂ ನನಗೂ ಅಂಥದೇ ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ.

ನಮ್ಮದು ಮಾಲೂರು ತಾಲ್ಲೂಕು, ಲಕ್ಕೂರಿಗೆ ಎರಡು ಮೈಲಿ ದೂರದ ಹಳ್ಳಿ. ಸ್ವಲ್ಪ ರಾಗಿ ಹೊಲ, ಬಾವಿಯ ಪಕ್ಕದಲ್ಲಿ ಹಿಪ್ಪುನೇರಳೆ ತೋಟ. ಮನೆಯ ಅರ್ಧ ಭಾಗ ರೇಷ್ಮೆ ಹುಳುಗಳಿಗೆ, ಮಿಕ್ಕ ಅರ್ಧ ನಮಗೆ. ಅಕ್ಕ ಸರೋಜ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಮ್ಮಿಬ್ಬರ ನಡುವೆ ಹುಟ್ಟಿದವರು ಉಳಿಯಲಿಲ್ಲ. ಅಕ್ಕ ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದ್ದಳು. ಮುಂದೆ ಓದಬೇಕಾದರೆ ಕೋಲಾರಕ್ಕೆ ಕಳಿಸಬೇಕಿತ್ತು; ಕಳಿಸಲಿಲ್ಲ. ಅದರ ಬದಲಿಗೆ ಅಪ್ಪ ಪುಸ್ತಕ ತಂದುಕೊಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಮಾಲೂರಿಗೆ ಹೋದಾಗಲೆಲ್ಲ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಮಗಳಿಗೆ ಓದೋಕೆ ಒಂದು ಕೊಡಿ ಸ್ವಾಮಿ" ಎಂದು ಕೇಳಿ, ಅವರು ಕೊಟ್ಟದ್ದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತರುತ್ತಿದ್ದ. ಅಕ್ಕ ಮಾತ್ರ ಆ ಗ್ರಂಥಾಲಯದ ಮೆಟ್ಟಿಲನ್ನು ಒಂದು ದಿನವೂ ಹತ್ತಲಿಲ್ಲ.

ಎಪ್ಪತ್ತಮೂರರ ಬೇಸಿಗೆಯಲ್ಲಿ ಹಾಗೆ ಬಂದ ಪುಸ್ತಕದ ಹೆಸರು 'ಜ್ಯೇಷ್ಠ'. ರಟ್ಟಿನ ಮೇಲೆ ಎಲೆ ಉದುರಿದ ಒಂದು ಮರ, ಅದರ ಹಿಂದೆ ಕೆಂಪು ಸೂರ್ಯ. ನನಗೆ ಆಗ ಹನ್ನೊಂದು ವರ್ಷ.

ಹುಳುಗಳು ದೊಡ್ಡವಾಗಿ ಹಗಲೂ ರಾತ್ರಿ ಸೊಪ್ಪು ತಿನ್ನುವ ದಿನಗಳು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಸೊಪ್ಪು ಹೆಚ್ಚಲು ಕೂರುತ್ತಿದ್ದಳು, ನಾನು ತಟ್ಟೆಗಳಿಗೆ ಹರಡುತ್ತಿದ್ದೆ, ಅಕ್ಕ ಗೋಡೆಗೆ ಒರಗಿ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದಳು. ಗೌರಿ ಎಂಬ ಹುಡುಗಿಯ ಕಥೆ. ಗೌರಿ ಮನೆಗೆ ಹಿರಿಯ ಮಗಳು. ಅವಳಿಗೆ ಗೊತ್ತಾದ ಹುಡುಗನೂ ಅವನ ಮನೆಗೆ ಹಿರಿಯ. ಮಾತುಕತೆ ಮುಗಿದದ್ದು ವೈಶಾಖದ ಕೊನೆಗೆ. ಮುಂದಿನ ತಿಂಗಳು ಜ್ಯೇಷ್ಠ. ಹಿರಿಯ ಗಂಡಿಗೆ ಹಿರಿಯ ಹೆಣ್ಣನ್ನು ತಂದು ಜ್ಯೇಷ್ಠದಲ್ಲಿ ಮದುವೆ ಮಾಡಬಾರದೆಂದು ದೊಡ್ಡವರು ತಡೆದರು. ಅದು ಕಳೆದರೆ ಆಷಾಢ. ಹಾಗಾಗಿ ಮದುವೆ ಶ್ರಾವಣಕ್ಕೆ ಹೋಯಿತು. ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆ ಎಂದು ಹುಡುಗ ಆಲೂಗಡ್ಡೆ ಲಾರಿ ಹತ್ತಿ ಗಡಿಯಾಚೆ ಹೋದ. ಶ್ರಾವಣ ಬಂತು, ಅವನು ಬರಲಿಲ್ಲ.

ಇಲ್ಲಿಗೆ ಬಂದಾಗ ಅಮ್ಮ ಕತ್ತಿ ಕೆಳಗಿಟ್ಟು, "ಆ ಮುದುಕರಿಗೆ ಬುದ್ಧಿ ಬೇಡ್ವಾ? ಒಂದು ತಿಂಗಳು ನೋಡ್ದಿದ್ರೆ ಏನಾಗೋಗ್ತಿತ್ತು?" ಎಂದು ಬೈದಳು. ತನ್ನ ನೆಂಟರ ಮನೆಯಲ್ಲೇ ಆದಷ್ಟು ಸಂಕಟಪಟ್ಟಳು.

ಗೌರಿಗೆ ಒಬ್ಬ ತಂಗಿ. ಯಾರೇನು ಹೇಳಿದರೂ ಯಾಕೆ, ಯಾಕೆ ಎಂದು ಕೇಳುವವಳು, ಹಟಮಾರಿ. "ನಮ್ಮ ಚಿಕ್ಕವಳ ಥರಾನೇ ಐತಲ್ಲೇ ಆ ಹುಡುಗಿ" ಎಂದು ಅಮ್ಮ ನಗುತ್ತಿದ್ದಳು. ನನಗೆ ಕೋಪ ಬರುತ್ತಿತ್ತು. ಆದರೂ ಮರುದಿನ ಮಧ್ಯಾಹ್ನ ಯಾವಾಗ ಆಗುತ್ತದೋ ಎಂದು ಕಾಯುತ್ತಿದ್ದೆ. ಅಕ್ಕ ಒಂದು ದಿನಕ್ಕೆ ಸ್ವಲ್ಪವೇ ಓದುವಳು. "ಆಮೇಲೆ?" ಎಂದರೆ, "ಇವತ್ತಿಗೆ ಇಷ್ಟೇ ಕಣೇ" ಎಂದು ಮುಚ್ಚಿಡುವಳು.

ಒಂದು ದಿನ ಅವಳು ನೀರಿಗೆ ಹೋದಾಗ ನಾನು ಮುಂದಿನದನ್ನು ಕದ್ದು ಓದೋಣವೆಂದು ಪುಸ್ತಕ ಎಳೆದುಕೊಂಡೆ. ಕೈಯಲ್ಲಿ ಹಿಪ್ಪುನೇರಳೆ ಹಣ್ಣು ಇತ್ತು. ತೆರೆದೆನೋ ಇಲ್ಲವೋ, ಹಣ್ಣು ಜಾರಿ ಪುಟದ ಮೇಲೆ ಬಿದ್ದು ಕಪ್ಪು ನೇರಳೆ ಬಣ್ಣದ ರಸ ಹರಡಿತು. ಅಷ್ಟರಲ್ಲಿ ಅಕ್ಕ ಬಂದು ಪುಸ್ತಕ ಕಿತ್ತುಕೊಂಡು ಕೆನ್ನೆಗೆ ಒಂದು ಬಿಟ್ಟಳು. ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. "ಇನ್ನೊಂದ್ಸಲ ಮುಟ್ಟಿದ್ರೆ ಕಥೆ ಅಲ್ಲಿಗೇ ನಿಂತೋಗುತ್ತೆ, ನೋಡ್ಕೋ" ಎಂದಳು. ಗ್ರಂಥಾಲಯದವರು ದಂಡ ಹಾಕುತ್ತಾರೆಂಬ ಹೆದರಿಕೆಗೆ ಹೊಡೆದಳೆಂದು ನಾನು ತಿಳಿದೆ.

ಗೌರಿ ದಿನಾ ಮಧ್ಯಾಹ್ನ ರಸ್ತೆಯ ಪಕ್ಕ ನಿಂತು ಬರುವ ಗಾಡಿಗಳನ್ನು ನೋಡುತ್ತಿದ್ದಳು ಎನ್ನುವಲ್ಲಿಗೆ ಕಥೆ ಬಂದಿತ್ತು. ಅವತ್ತೇ ಅಪ್ಪ ಪುಸ್ತಕ ವಾಪಸು ತೆಗೆದುಕೊಂಡು ಹೋದ. ನಾನು ಅತ್ತು ರಂಪ ಮಾಡಿದೆ. "ಮಿಕ್ಕಿದ್ದು ನಾನು ಓದ್ಕೊಂಡಿದೀನಿ. ಹೇಳ್ತೀನಿ ಬಿಡೇ, ಓಡೋಗುತ್ತಾ ಕಥೆ?" ಎಂದಳು ಅಕ್ಕ. ಹೇಳಲಿಲ್ಲ. ಗೂಡು ಬಿಡಿಸುವ ಕೆಲಸ ಬಂತು, ಮಳೆ ಬಂತು, ಬಿತ್ತನೆ ಬಂತು. ಮುಂದಿನ ವರ್ಷ ಅವಳಿಗೆ ಮುಳಬಾಗಿಲು ಕಡೆಯಿಂದ ಗಂಡು ಬಂತು. ನಂಗಲಿಯ ಹತ್ತಿರದ ಊರು, ಮನೆಯಲ್ಲಿ ತೆಲುಗು ಮಾತು, ಒಳ್ಳೆಯ ಜನ. ಮದುವೆಯಾಗಿ ಹೊರಡುವಾಗ ಕೋಲಾರದ ಬಸ್ ಸ್ಟ್ಯಾಂಡಿನವರೆಗೆ ನಾವೂ ಹೋಗಿದ್ದೆವು. ಬಸ್ಸು ಹೊರಟಾಗ ನಾನು ಕಿಟಕಿಯ ಜೊತೆ ಓಡುತ್ತಾ, "ಗೌರಿ ಕಥೆ ಹೇಳ್ಲೇ ಇಲ್ವಲ್ಲೇ!" ಎಂದು ಕೂಗಿದೆ. ಅಕ್ಕ ಅಳುತ್ತಿದ್ದವಳು ನಕ್ಕುಬಿಟ್ಟಳು. "ದಸರಾ ರಜಕ್ಕೆ ಬಾ, ಹೇಳ್ತೀನಿ."

ಮೊದಲನೇ ದಸರಾಕ್ಕೆ ಕರೆದುಕೊಂಡು ಹೋಗಲು ಅಪ್ಪನಿಗೆ ಬಿಡುವಾಗಲಿಲ್ಲ. ಎರಡನೇ ವರ್ಷ ಅಕ್ಕನೇ ಕಾಗದ ಬರೆದಳು. ತಂಗೀನ ಈ ಸಲ ತಪ್ಪದೆ ಕಳಿಸಿ, ಅವಳು ಬಸ್ಸಿಂದ ಇಳಿಯೋ ಹೊತ್ತಿಗೆ ನಾನೇ ರಸ್ತೆಗೆ ಬಂದಿರ್ತೀನಿ ಎಂದು ಬರೆದಿದ್ದಳು. ಅಪ್ಪ ಹೊರಡು ಎಂದ. ಆದರೆ ಆ ರಜದಲ್ಲಿ ಶಾಲೆಯಿಂದ ಮೈಸೂರಿಗೆ ಪ್ರವಾಸ ಇತ್ತು. ನಾನು ಮೈಸೂರಿಗೆ ಹೋದೆ.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಆ ಊರಿನಿಂದ ಒಬ್ಬರು ಬಂದು ಅಂಗಳದಲ್ಲೇ ನಿಂತರು. ಅಕ್ಕನಿಗೆ ಕಾಮಾಲೆಯಾಗಿತ್ತಂತೆ. ಅಪ್ಪ ಅಮ್ಮ ಅವರ ಜೊತೆಯಲ್ಲೇ ಹೊರಟರು. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟರು. ಮೂರು ದಿನದ ಮೇಲೆ ವಾಪಸು ಬಂದಾಗ ಅಮ್ಮನ ಕೈಯಲ್ಲಿ ಅಕ್ಕನ ಒಂದು ಸೀರೆ ಇತ್ತು. ಆಮೇಲೆ ಆ ಮನೆಗೂ ನಮಗೂ ಹೋಗುವುದು ಬರುವುದು ನಿಂತಿತು. ಜಗಳವೇನೂ ಇರಲಿಲ್ಲ. ಹೋಗಲು ಕಾಲು ಬರುತ್ತಿರಲಿಲ್ಲ, ಅಷ್ಟೆ.

ನಾನು ಅತ್ತದ್ದು ಕಡಿಮೆ. ಅದರ ಬದಲಿಗೆ ಆ ಪುಸ್ತಕ ನನಗೆ ಬೇಕು ಅನ್ನಿಸಲು ಶುರುವಾಯಿತು. ಕಥೆಯ ಕೊನೆ ಅದರಲ್ಲಿದೆ; ಅದನ್ನು ಓದಿದರೆ ಅಕ್ಕ ಹೇಳಬೇಕಾಗಿದ್ದದ್ದು ನನಗೆ ತಲುಪಿದ ಹಾಗೆ. ಹದಿನಾರನೇ ವಯಸ್ಸಿನಲ್ಲಿ ಒಬ್ಬಳೇ ಮಾಲೂರಿನ ಗ್ರಂಥಾಲಯಕ್ಕೆ ಹೋಗಿ ಕೇಳಿದೆ. ಅಲ್ಲಿದ್ದವರು ರಿಜಿಸ್ಟರು ನೋಡಿ, "ಆ ಹೆಸರಿನದು ನಮ್ಮಲ್ಲಿ ಇದೊಂದೇ ಇರೋದಮ್ಮ" ಎಂದು ಕೆಂಪು ಬಟ್ಟೆಯ ಬೈಂಡು ಹಾಕಿದ ಒಂದು ಪುಸ್ತಕ ಕೊಟ್ಟರು. ಬರೀ ಪದ್ಯಗಳು. ಎರಡು ಪುಟ ತಿರುಗಿಸಿ ಇದಲ್ಲ ಎಂದು ವಾಪಸು ಕೊಟ್ಟೆ.

ಕೋಲಾರದಲ್ಲಿ ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುವಾಗ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು 'ಜ್ಯೇಷ್ಠ' ಸಿಕ್ಕಿತು. ತೆಗೆದು ನೋಡಿದರೆ ಅದು ನಾಟಕ. ಒಬ್ಬ ರಾಜನ ಹಿರಿಯ ಮಗ ಪಟ್ಟ ಬೇಡವೆಂದು ಕಾಡಿಗೆ ಹೋಗುವುದು. ಆದರೂ ಹೆಸರಿನ ಮೇಲಿನ ಆಸೆಗೆ ಕೊಂಡುಕೊಂಡೆ. ಶ್ರೀನಿವಾಸಪುರಕ್ಕೆ ಕೆಲಸಕ್ಕೆ ಸೇರಿದ ಮೇಲೆ ನಿವೃತ್ತರಾದ ಹೆಡ್ ಮಾಸ್ಟರೊಬ್ಬರು ತಮ್ಮ ಮನೆಯಲ್ಲಿದ್ದ ಇನ್ನೊಂದು 'ಜ್ಯೇಷ್ಠ'ವನ್ನು ಕೊಟ್ಟರು. ಅದು ಕಾದಂಬರಿಯೇ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಪಟ್ಟಣದ ಒಂದು ಮನೆ, ತಮ್ಮಂದಿರಿಗಾಗಿ ಸವೆಯುವ ಅಣ್ಣ. ಗೌರಿ ಇರಲಿಲ್ಲ. ಒಬ್ಬರನ್ನೊಬ್ಬರು ನೋಡದ ಜನ ತಮ್ಮ ತಮ್ಮ ಪುಸ್ತಕಕ್ಕೆ ಅದೇ ತಿಂಗಳ ಹೆಸರಿಟ್ಟಿದ್ದರು. ಒಬ್ಬರಿಗೆ ಅದು ಹಿರಿಯ ಮಗ, ಒಬ್ಬರಿಗೆ ಬಿಸಿಲು. ನನಗೆ ಬೇಕಾದದ್ದು ಮಾತ್ರ ಯಾರೂ ಬರೆದಿರಲಿಲ್ಲ.

ಎಂಬತ್ತೈದನೇ ಇಸವಿಯ ಬೇಸಿಗೆ ರಜದಲ್ಲಿ ಊರಿಗೆ ಹೋಗಿದ್ದಾಗ ಮಾಲೂರಿನ ಗ್ರಂಥಾಲಯದಲ್ಲಿ ಹರಿದ, ಹಳೆಯ ಪುಸ್ತಕಗಳನ್ನು ಪಟ್ಟಿಯಿಂದ ತೆಗೆದು ಮಾರುತ್ತಿದ್ದರು. ಆ ಕೆಂಪು ಬೈಂಡಿನ ಪದ್ಯದ ಪುಸ್ತಕ ಅದರಲ್ಲಿತ್ತು. ಸಂಗ್ರಹಕ್ಕೆ ಇರಲಿ ಎಂದು ತಂದೆ. ಬಸ್ಸಿನಲ್ಲಿ ಕೂತು ಸುಮ್ಮನೆ ತಿರುಗಿಸುತ್ತಿದ್ದಾಗ ಬೈಂಡಿನ ಒಳಗೆ ಹಳೆಯ ರಟ್ಟು ಹಾಗೇ ಇರುವುದು ಕಾಣಿಸಿತು: ಎಲೆ ಉದುರಿದ ಮರ, ಕೆಂಪು ಸೂರ್ಯ. ಪುಟ ಹುಡುಕುತ್ತಾ ಹೋದೆ. ನಡುವೆ ಒಂದು ಕಡೆ, ಎರಡು ಪದ್ಯಗಳ ಮೇಲೆ, ನೇರಳೆ ಬಣ್ಣ ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದ ಒಂದು ದುಂಡನೆಯ ಕಲೆ.

ಅಕ್ಕ ಓದಿದ್ದು ಅದೇ ಪುಸ್ತಕ. ಅದರಲ್ಲಿ ಕಥೆಯೇ ಇರಲಿಲ್ಲ. ಗೌರಿಯನ್ನು, ಆ ಹುಡುಗನನ್ನು, ಲಾರಿಯನ್ನು, ಹಟಮಾರಿ ತಂಗಿಯನ್ನು ಅವಳು ಪದ್ಯದ ಪುಸ್ತಕ ಹಿಡಿದುಕೊಂಡು, ಪುಟ ತಿರುಗಿಸುತ್ತಾ, ಆಗಿಂದಾಗ್ಗೆ ಕಟ್ಟಿ ನಮಗೆ ಕೊಟ್ಟಿದ್ದಳು. ಹೊಡೆದದ್ದು ಯಾಕೆಂದು ಹನ್ನೆರಡು ವರ್ಷದ ಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತೆ. ಯಾವ ಊರಿನ ಯಾವ ಗ್ರಂಥಾಲಯದಲ್ಲೂ ಆ ಕಥೆಯ ಕೊನೆ ಸಿಗುವಂತಿರಲಿಲ್ಲ.

ಅದೇ ಮೇ ತಿಂಗಳ ಕೊನೆಯಲ್ಲಿ, ಶಾಲೆ ಶುರುವಾಗುವ ಮೊದಲು, ಮುಳಬಾಗಿಲಿನಲ್ಲಿ ಹತ್ತು ದಿನ ನಮಗೆ ತರಬೇತಿ ಇಟ್ಟಿದ್ದರು. ಅಲ್ಲಿಂದ ನಂಗಲಿ ದೂರವಿಲ್ಲ. ನಡುವಿನ ಭಾನುವಾರ ಅಕ್ಕನ ಊರಿಗೆ ಹೋಗಬೇಕೆಂದು ಮನಸ್ಸು ಮಾಡಿದೆ. ಅವಳನ್ನು ಮಣ್ಣು ಮಾಡಿದ ಜಾಗವನ್ನು ನಾನು ನೋಡಿಯೇ ಇರಲಿಲ್ಲ. ನಗಬೇಡಿ, ಮೂರೂ ಪುಸ್ತಕಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬಂದಿದ್ದೆ. ನಿನ್ನ ಒಂದು ಸುಳ್ಳಿಗೆ ನಾನು ಎಷ್ಟು ಅಲೆದೆ ನೋಡು ಎಂದು ಅವಳಿಗೆ ತೋರಿಸಬೇಕು ಅನ್ನಿಸಿತ್ತು. ಸತ್ತವರು ಏನನ್ನೂ ನೋಡುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ.

ಶನಿವಾರ ಸಾಯಂಕಾಲ ಮುಳಬಾಗಿಲಿನ ಒಂದು ಅಂಗಡಿಯಲ್ಲಿ ಕಡಲೆಕಾಯಿ ತೆಗೆದುಕೊಳ್ಳುತ್ತಿದ್ದೆ. ಪೊಟ್ಟಣ ಕಟ್ಟಲು ಇಟ್ಟುಕೊಂಡಿದ್ದ ರದ್ದಿಯ ಮೇಲೆ ತೆಳ್ಳನೆಯ ಒಂದು ಪುಸ್ತಕ: 'ಜ್ಯೇಷ್ಠ'. ಹನ್ನೆರಡು ತಿಂಗಳಿಗೂ ಒಂದೊಂದರಂತೆ ಯಾರೋ ಅಚ್ಚು ಹಾಕಿಸಿದ್ದ ಕೈಪಿಡಿ. ಯಾವ ದಿನ ಯಾವ ವ್ರತ, ಯಾವಾಗ ಏನು ಬಿತ್ತಬೇಕು ಎಂದೆಲ್ಲ ಅದರಲ್ಲಿತ್ತು. ಅಂಗಡಿಯವನು ದುಡ್ಡು ಬೇಡ, ತಗೊಂಡೋಗಿ ಎಂದ. ಹಾಗೆ ನಾಲ್ಕಾಯಿತು. ಈ ವಿಷಯ ನಾನು ಯಾರಿಗೂ ಹೇಳಲಿಲ್ಲ. ಪುಸ್ತಕಗಳನ್ನು ಬಟ್ಟೆಯ ಕೈಚೀಲಕ್ಕೆ ಹಾಕಿ ಮೇಲೆ ಟವೆಲ್ಲು ಮುಚ್ಚಿದೆ.

ನಂಗಲಿಯಲ್ಲಿ ಇಳಿದಾಗ ಹನ್ನೆರಡು ಹೊಡೆದಿತ್ತು. ಹೆದ್ದಾರಿಯ ಪಕ್ಕ ಲಾರಿಗಳು ಸಾಲಾಗಿ ನಿಂತಿದ್ದವು. ದಾರಿ ಕೇಳಿಕೊಂಡು ಒಂದೂವರೆ ಮೈಲಿ ನಡೆದೆ. ಮರಗಳ ನೆರಳೆಲ್ಲ ಬುಡಕ್ಕೆ ಸೇರಿತ್ತು, ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಊರು ಸೇರುವ ಹೊತ್ತಿಗೆ ನಾಲಿಗೆ ಒಣಗಿಹೋಗಿತ್ತು. ಭಾವ ಬೇರೆ ಮದುವೆಯಾಗಿ ಚಿತ್ತೂರು ಕಡೆ ಹೋದರೆಂದು ಕೇಳಿದ್ದೆ. ಮನೆ ಯಾವುದೆಂದು ಗೊತ್ತಿರಲಿಲ್ಲ. ಮೊದಲು ಎಲ್ಲಾದರೂ ನೀರು ಕುಡಿದು ಆಮೇಲೆ ವಿಚಾರಿಸೋಣವೆಂದು, ಜಗಲಿಯ ಮೇಲೆ ಜನ ಕಂಡ ಮೊದಲನೇ ಮನೆಯ ಮುಂದೆ ನಿಂತೆ. ಒಬ್ಬ ಅಜ್ಜಿ ಕಾಲು ಚಾಚಿಕೊಂಡು ಹುಣಸೇಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಎರಡೂ ಕಣ್ಣಿಗೆ ಬೆಳ್ಳನೆ ಪೊರೆ ಬಂದಿತ್ತು.

"ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?"

ಕುಟ್ಟುತ್ತಿದ್ದ ಕೈ ನಿಂತಿತು. ಅಜ್ಜಿ ತೆಲುಗಿನಲ್ಲಿ ಏನೋ ಕೇಳಿ, ನಾನು ಸುಮ್ಮನಿದ್ದದ್ದರಿಂದ ಕನ್ನಡಕ್ಕೆ ತಿರುಗಿದಳು. "ಕೈಯಾಗೆ ಚೀಲ ಐತಾ ಅಮ್ಮಾಯಿ?"

"ಐತೆ."

"ಅದ್ರಾಗೆ ಪುಸ್ತಕ ಐತಾ?"

ಆರೋಗ್ಯ ಇಲಾಖೆಯಿಂದಲೋ ಮತ್ತೆಲ್ಲಿಂದಲೋ ಬರೆದುಕೊಳ್ಳಲು ಬಂದವಳು ಎಂದುಕೊಂಡಿರಬೇಕು ಎನ್ನಿಸಿತು. "ಐತೆ ಅಜ್ಜಿ" ಎಂದೆ.

"ಎಷ್ಟು?"

"ನಾಲ್ಕು."

ಅಜ್ಜಿ ಕಲ್ಲನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಮೆಲ್ಲಗೆ, ಮಲಗಿದ ಮಗುವಿಗೆ ಎಚ್ಚರವಾಗಬಾರದು ಎನ್ನುವ ಹಾಗೆ ಕೇಳಿದಳು: "ನಾಲ್ಕಕ್ಕೂ ಒಂದೇ ಹೆಸರಾ?"

ನಾನು ಚೀಲದ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿಕೊಂಡೆ; ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಹೌದು ಎಂದೆನೋ ಇಲ್ಲವೋ, ಅಜ್ಜಿ ಒಳಗೆ ತಿರುಗಿ ಕೂಗಿದಳು: "ಲೇ ರತ್ನಾ, ನೀರು ತಾರೇ! ಬಂದ್ಲು!"

ಒಳಗಿನಿಂದ ನನ್ನ ವಯಸ್ಸಿನ ಹೆಂಗಸೊಬ್ಬಳು ಚೊಂಬು ಹಿಡಿದುಕೊಂಡು ಬಂದಳು. ಆ ಮನೆಯ ಸೊಸೆ. ನಾಚಿಕೆಯಿಂದ ನಗುತ್ತಾ, "ಏನೂ ಅನ್ಕೋಬೇಡಿ ಮೇಡಂ. ಯಾರು ನೀರು ಕೇಳಿದ್ರೂ ನಮ್ಮ ವೆಂಕಟಮ್ಮಜ್ಜಿ ಇದನ್ನೇ ಕೇಳೋದು. ಬಳೆ ಮಾರೋಳು ಬಂದ್ರೂ ಬಿಡಲ್ಲ, ಪುಸ್ತಕ ಐತಾ, ಪುಸ್ತಕ ಐತಾ ಅಂತ. ನಾನು ಮದುವೆ ಆಗಿ ಬಂದಾಗಿಂದ ನೋಡ್ತಿದೀನಿ. ವಯಸ್ಸಾಯ್ತಲ್ಲ" ಎಂದಳು.

ನಾನು ಚೀಲದಿಂದ ಪುಸ್ತಕಗಳನ್ನು ತೆಗೆದು ಜಗಲಿಯ ಮೇಲೆ ಇಟ್ಟೆ. ರತ್ನ ಬಗ್ಗಿ ಅಕ್ಷರ ಕೂಡಿಸಿ ಓದಿದಳು. "ಜ್ಯೇ... ಷ್ಠ. ಇದು? ಇದೂ ಅದೇ. ಇದೂ..." ನಾಲ್ಕನೆಯದನ್ನು ಓದಲಿಲ್ಲ. ನನ್ನ ಮುಖ ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ ಬಾಗಿಲಿಗೆ ಒರಗಿ ನಿಂತಳು.

"ಮೊದ್ಲು ನೀರು ಕುಡಿ" ಎಂದಳು ಅಜ್ಜಿ. ನಾನು ಕುಡಿದ ಮೇಲೆಯೇ ಮುಂದಿನ ಮಾತು. "ನೀನು ನಮ್ಮ ಸರೋಜನ ಚೆಲ್ಲೀನಾ?"

ಚೆಲ್ಲಿ ಎಂದರೆ ತಂಗಿ. ನಾನು ಹೂಂ ಎಂದೆ. ಹಾಗೆ, ನಾನು ಹುಡುಕಬೇಕಾಗಿದ್ದ ಮನೆಯಲ್ಲೇ ಕೂತಿದ್ದೆ. ವೆಂಕಟಮ್ಮಜ್ಜಿ ಭಾವನ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಉಳಿದವಳು. ಅಕ್ಕ ಹಾಸಿಗೆ ಹಿಡಿದಾಗ ಅವಳನ್ನು ನೋಡಿಕೊಂಡದ್ದು ಇವಳೇ.

"ಇದೇ ಜಗಲೀಲಿ ಮಲಗ್ತಿತ್ತು" ಎಂದು ಅಜ್ಜಿ ತನ್ನ ಪಕ್ಕದ ಜಾಗವನ್ನು ಕೈಯಿಂದ ಸವರಿದಳು. "ನಾನು ಪಕ್ಕದಾಗೆ ಕೂತು ಬೀಸ್ತಿದ್ದೆ. ಮಲಕ್ಕೊಂಡೇ ನಂಗೆ ಕಥೆ ಹೇಳ್ತಿತ್ತು. ಗೌರಿ ಅಂತ ಹುಡುಗಿ ಕಥೆ. ಮದ್ವೆ ತಪ್ಪೋದದ್ದು, ಆ ಹುಡುಗ ಲಾರಿ ಹತ್ತಿ ಹೋದದ್ದು, ಎಲ್ಲಾ. ಗೌರಿ ದಿನಾ ರಸ್ತೇಲಿ ನಿಂತು ನೋಡ್ತಾಳೆ. ಊರಿನ ಜನ ಎಲ್ಲ, ಪಾಪ, ಗಂಡಿಗೋಸ್ಕರ ಕಾಯ್ತವ್ಳೆ ಅಂತಾರೆ. ಅವಳು ಕಾಯ್ತಿದ್ದದ್ದು ಗಂಡಿಗಲ್ಲಮ್ಮ. ಗಂಡನ್ನ ಅವಳು ಯಾವತ್ತೋ ಮರ್ತಳು. ಚೆಲ್ಲಿ ಬಸ್ಸಿಂದ ಇಳೀತಾಳೆ ಅಂತ ನೋಡ್ತಿದ್ಲು."

ನಾನು ಕೈಯಲ್ಲಿದ್ದ ಚೊಂಬನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಚೆಲ್ಲಿ ಆವತ್ತು ಬರ್ಲಿಲ್ಲ. ಬಂದದ್ದು ಎಷ್ಟೋ ವರ್ಷಕ್ಕೆ. ಜ್ಯೇಷ್ಠ ಮಾಸ, ಹಿಂಗೇ ಮಧ್ಯಾಹ್ನ. ಹಸಿರು ಸೀರೆ ಉಟ್ಕೊಂಡು, ಕೈಚೀಲದಾಗೆ ನಾಲ್ಕು ಪುಸ್ತಕ, ನಾಲ್ಕಕ್ಕೂ ಒಂದೇ ಹೆಸರು. ಬಂದು ನೀರು ಕೇಳ್ತಾಳೆ. ಆಗ ಮನೆಯವರು ಅವಳನ್ನ ಬೈಬಾರ್ದು. ಯಾಕೆ ಇಷ್ಟು ತಡ ಅಂತ ಒಂದು ಮಾತೂ ಕೇಳ್ಬಾರ್ದು. ಮೊದ್ಲು ನೀರು ಕೊಡ್ಬೇಕು. ಅಷ್ಟೇ. ಅಷ್ಟೇನಾ ಅಂದೆ ನಾನು. ಅಷ್ಟೇ ಕಣತ್ತೆ, ಮುಗೀತು ಅಂತು. ಅದಾದ ಎರಡು ದಿನಕ್ಕೆ ಹೋಯ್ತು." ಅಜ್ಜಿ ಪಕ್ಕಕ್ಕಿಟ್ಟಿದ್ದ ಕಲ್ಲನ್ನು ತಡವಿ ಎತ್ತಿಕೊಂಡಳು. "ಅದ್ರಲ್ಲಿ ಕಥೆ ಯಾವುದು, ಹಿಂಗೆ ಮಾಡು ಅಂತ ನಂಗೆ ಹೇಳಿದ್ದು ಯಾವುದು, ತಿಳೀಲಿಲ್ಲ. ಅದಕ್ಕೇ ಬಂದೋರನ್ನೆಲ್ಲ ಕೇಳ್ತಿದ್ದೆ. ಇವೆಲ್ಲ ನಗ್ತವೆ."

ಬಾಗಿಲಲ್ಲಿ ನಿಂತಿದ್ದ ರತ್ನ ನಗುತ್ತಿರಲಿಲ್ಲ.

ನನ್ನ ಸೀರೆ ಹಸಿರಲ್ಲ, ನೀಲಿ. ಅಷ್ಟು ಅಳುವಿನ ನಡುವೆಯೂ ಅದನ್ನು ಗಮನಿಸಿದೆ. ಅಜ್ಜಿಗೆ ಹೇಳಲಿಲ್ಲ.

ಬಿಸಿಲು ಇಳಿದ ಮೇಲೆ ರತ್ನ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಗುರುತಿಗೆ ಕಲ್ಲೂ ಇರಲಿಲ್ಲ. ಬದುವಿನ ಹೊಂಗೆಮರದ ಪಕ್ಕ, ಸುಮಾರು ಇಲ್ಲೇ, ಎಂದು ಕೈ ತೋರಿಸಿ ಅವಳು ದೂರ ಹೋಗಿ ನಿಂತಳು. ನಾನು ಕೂತುಕೊಂಡೆ. ಏನೇನೋ ಹೇಳಬೇಕೆಂದು ಬಂದಿದ್ದವಳಿಗೆ ಒಂದೂ ನೆನಪಾಗಲಿಲ್ಲ. ಕಲೆಯಾಗಿದ್ದ ಪುಟ ತೆರೆದು ಒಂದು ಪದ್ಯವನ್ನು ಗಟ್ಟಿಯಾಗಿ ಓದಿದೆ. ಅದರಲ್ಲಿ ಗೌರಿ ಇರಲಿಲ್ಲ. ಬಿಸಿಲು, ಒಣಗಿದ ಕೆರೆ, ಅಷ್ಟೇ. ಅಲ್ಲಿ ವಿಚಿತ್ರವಾದದ್ದು ಏನೂ ಆಗಲಿಲ್ಲ. ಗಾಳಿಯೂ ಬೀಸಲಿಲ್ಲ. ಕತ್ತಲಾಗುವ ಮೊದಲು ನಂಗಲಿಗೆ ನಡೆದು ಬಂದು ಬಸ್ಸು ಹಿಡಿದೆ.

ಇದಕ್ಕೆ ನಾನು ಮಾಡಿಕೊಂಡಿರುವ ವಿವರಣೆಗಳು ಹಲವು. ಅಕ್ಕ ನನ್ನನ್ನು ಚೆನ್ನಾಗಿ ಬಲ್ಲವಳು. ನಾನು ಪುಸ್ತಕ ಹುಡುಕಿಯೇ ಹುಡುಕುತ್ತೇನೆ, ಅದೇ ಹೆಸರಿನ ಬೇರೆ ಬೇರೆ ಪುಸ್ತಕ ಸಿಕ್ಕಿ ಪೆಚ್ಚಾಗುತ್ತೇನೆ ಎಂದು ಅವಳು ಊಹಿಸಿರಬಹುದು. ಒಂದು ದಿನ ಬಂದೇ ಬರುತ್ತೇನೆ ಎಂದೂ ಊಹಿಸಿರಬಹುದು. ಇಷ್ಟನ್ನು ಒಪ್ಪುತ್ತೇನೆ. ಆದರೆ ಆ ಹೆಸರಿನ ಪುಸ್ತಕಗಳು ಬೇರೆಯೂ ಇವೆ ಎಂದು ಗ್ರಂಥಾಲಯವನ್ನೇ ನೋಡದ ಅವಳಿಗೆ ಹೇಗೆ ಗೊತ್ತು? ನಾಲ್ಕು ಎಂದು ಹೇಗೆ ಗೊತ್ತು? ಹಿಂದಿನ ದಿನ ನಾನು ಕಡಲೆಕಾಯಿಗೆ ಬೇರೆ ಅಂಗಡಿಗೆ ಹೋಗಿದ್ದರೆ ಚೀಲದಲ್ಲಿ ಮೂರೇ ಇರುತ್ತಿದ್ದವು. ಒಮ್ಮೊಮ್ಮೆ ನನ್ನ ನೆನಪಿನ ಮೇಲೇ ಅನುಮಾನ ಬಂದು, ಒಂದೇ ಹೆಸರು ಎನ್ನುವ ಮಾತನ್ನು ಮೊದಲು ನಾನೇ ಆಡಿದೆನೇನೋ ಎಂದುಕೊಳ್ಳುತ್ತೇನೆ. ಆಗ ಬಾಗಿಲಿಗೆ ಒರಗಿ ನಿಂತ ರತ್ನಳ ಮುಖ ಕಣ್ಣ ಮುಂದೆ ಬರುತ್ತದೆ.

ತರಬೇತಿ ಮುಗಿಸಿ ಊರಿಗೆ ಹೋದ ದಿನವೇ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಎಂದಿನ ಹಾಗೆ ಸೊಪ್ಪು ಹೆಚ್ಚುತ್ತಾ ಕೇಳಿದಳು. ಪುಸ್ತಕದಲ್ಲಿ ಕಥೆಯೇ ಇರಲಿಲ್ಲ ಎಂದಾಗ, "ನಂಗೆ ಗೊತ್ತಿತ್ತು ಬಿಡು" ಎಂದಳು. "ಒಂದು ದಿನ ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡಿದ್ಲು. ಮರದ ಬುಡ ಮೇಲಿತ್ತು. ಓದು ಬರದೇ ಇದ್ರೆ ಮರಾನೂ ಗೊತ್ತಾಗಲ್ವಾ? ಹೇಳಿದ್ರೆ ನಿಲ್ಲಿಸಿಬಿಡ್ತಾಳೆ ಅಂತ ಸುಮ್ನಿದ್ದೆ."

ಕಥೆಯ ಕೊನೆಯನ್ನು ಅಜ್ಜಿ ಹೇಳಿದ ಹಾಗೇ ಹೇಳಿದೆ. ಅಮ್ಮ ಕತ್ತಿ ಕೆಳಗಿಟ್ಟು ಕೇಳಿದಳು: "ಚೆಲ್ಲಿ ಬಂದ್ಲು, ನೀರು ಕುಡಿದ್ಲು, ಸರಿ. ಆವಾಗ ಗೌರಿ ಎಲ್ಲಿದ್ಲು? ಮನೆ ಒಳಗಿದ್ಲಾ, ಇಲ್ವಾ?"

ನಾನು ಅದನ್ನು ಕೇಳಿಯೇ ಇರಲಿಲ್ಲ. ನನ್ನ ತಡವನ್ನು ಯಾರೂ ಬೈಯಲಿಲ್ಲ ಎಂಬುದರಲ್ಲೇ ಮುಳುಗಿ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಬಿಟ್ಟು ಬಂದಿದ್ದೆ. "ಕೇಳ್ಕೊಂಡು ಬರ್ತೀನಿ ಕಣಮ್ಮ" ಎಂದೆ.

ಮುಂದಿನ ವರ್ಷ ಹೋದೆ. ಜಗಲಿ ಖಾಲಿಯಿತ್ತು. ಅಜ್ಜಿ ಚಳಿಗಾಲದಲ್ಲೇ ತೀರಿಕೊಂಡಿದ್ದಳು. ನಾನು ಬಂದು ಹೋದ ಮೇಲೆ ಅಜ್ಜಿ ಯಾರನ್ನೂ ಪುಸ್ತಕದ ಬಗ್ಗೆ ಕೇಳಲಿಲ್ಲ ಎಂದು ರತ್ನ ಹೇಳಿದಳು. ಅಮ್ಮ ಬದುಕಿರುವವರೆಗೂ ಆಗಾಗ, ಬೇರೇನೋ ಮಾತಿನ ನಡುವೆ, "ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು. ಏನು ಎಂದು ನಾನು ಕೇಳುತ್ತಿರಲಿಲ್ಲ. ಇಲ್ಲ ಎನ್ನುತ್ತಿದ್ದೆ. ಮನೆಯವರು ನೀರು ಕೊಡಬೇಕು ಎಂದಳಲ್ಲ ಅಕ್ಕ; ಆ ಮನೆಯವರಲ್ಲಿ ಗೌರಿಯೂ ಇದ್ದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.